ದೋಣಿಯ ದಾರಿ

ಜಂಗಮಕೋಟೆಯ ಚಿರಂಜೀವಿ ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಹಾಲು ಅಳೆಯುತ್ತಿದ್ದ. ನಡುವಿನ ಹೊತ್ತಿನಲ್ಲಿ, ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಮುಗಿದ ಮೇಲೆ, ಮಹಡಿಯ ಕೋಣೆಗೆ ಹೋಗಿ ಸಾಲ್ಟ್‌ಕ್ರೌನ್ ಆಡುತ್ತಿದ್ದ. ಅದು ಟಿವಿಗೆ ಜೋಡಿಸುವ ಕನ್ಸೋಲಿನ ಒಂದು ಹಳೆಯ ವಿಡಿಯೊ ಆಟ. ಸಿಪಾಯಿಯೊಬ್ಬ ಕಾಡು, ಕೆರೆ, ಕೋಟೆ ದಾಟಿ ಅರಮನೆ ಸೇರಿ ಕಳೆದುಹೋದ ಕಿರೀಟವನ್ನು ತರಬೇಕು. ಕತ್ತಿ ಮಸೆಸಿಕೊಂಡು, ಬಲ ಕೂಡಿಸಿಕೊಂಡು, ಸಿಕ್ಕವರ ಕಥೆ ಕೇಳುತ್ತ ಆಡಿದರೆ ಒಂದು ತಿಂಗಳು ಹಿಡಿಯುತ್ತದೆ. ಚಿರಂಜೀವಿ ಅದನ್ನು ಎರಡು ಗಂಟೆಯೊಳಗೆ ಮುಗಿಸಲು ನೋಡುತ್ತಿದ್ದ. ಇಂಥ ಓಟಕ್ಕೆ ಸ್ಪೀಡ್‌ರನ್ ಎನ್ನುತ್ತಾರೆ. ಯಾರು ಎಷ್ಟು ಬೇಗ ಮುಗಿಸಿದರೆಂದು ವಿಡಿಯೊ ನೋಡಿ ಪಟ್ಟಿಗೆ ಹಾಕುವ ವೆಬ್‌ಸೈಟ್ ಇದೆ. ಅದರ ಮೊದಲ ಸ್ಥಾನದಲ್ಲಿ ಬ್ರೆಜಿಲ್‌ನ ಆಟಗಾರನೊಬ್ಬ ಬಹಳ ಕಾಲದಿಂದ ಕೂತಿದ್ದ.

ಓಟದ ದಾರಿಯನ್ನು ಯೋಚಿಸಿ ಕೊಡುತ್ತಿದ್ದವಳು ಯಶೋಧರಾ. ಚಿಂತಾಮಣಿಯವಳು, ಅಲ್ಲೇ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುವಾಗ ಇಬ್ಬರೂ ಒಂದೇ ಕ್ಲಾಸು. ಅವಳಿಗೆ ಆಟ ಇಷ್ಟ, ಆದರೆ ಬೆರಳು ಓಡುತ್ತಿರಲಿಲ್ಲ. ಮರಿ ರಾಕ್ಷಸ ಎದುರಾದರೂ ಸಾಯುತ್ತಿದ್ದಳು. ಅವಳಿಗೆ ಕಾಣುತ್ತಿದ್ದದ್ದು ಬೇರೆ. ಯಾವ ಕತ್ತಿ ಬಿಟ್ಟರೆ ನಡೆಯುತ್ತದೆ, ಯಾವ ಊರಿಗೆ ಹೋಗದಿದ್ದರೂ ಬಾಗಿಲು ತೆರೆಯುತ್ತದೆ, ಯಾವ ರಾಕ್ಷಸನನ್ನು ಕೊಲ್ಲುವುದಕ್ಕಿಂತ ಸುತ್ತು ಹಾಕಿ ಓಡುವುದು ವಾಸಿ ಎಂಬುದು ಅವಳಿಗೆ ಕೂತಲ್ಲೇ ಹೊಳೆಯುತ್ತಿತ್ತು. ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಶಿಡ್ಲಘಟ್ಟದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಜಂಗಮಕೋಟೆಗೆ ಬರುತ್ತಿದ್ದಳು. ಮೊದಮೊದಲು ಚಿರಂಜೀವಿಯ ತಾಯಿ ಶೋಭಾರಾಣಿ ಮಹಡಿಯ ಮೆಟ್ಟಿಲ ಕೆಳಗೇ ಏನಾದರೂ ಕೆಲಸ ಹುಡುಕಿಕೊಂಡು ಕೂರುತ್ತಿದ್ದರು. ಮೇಲಿನಿಂದ ಕೇಳುತ್ತಿದ್ದದ್ದು ಬರೀ ಕೋಟೆ, ಕತ್ತಿ, ಸೆಕೆಂಡಿನ ಮಾತು. ಕೆಲವು ವಾರ ಕೇಳಿ ಬೇಸರವಾಗಿ ಅವರು ತೋಟಕ್ಕೆ ಹೋಗತೊಡಗಿದರು.

ಇಡೀ ಓಟದಲ್ಲಿ ಕಷ್ಟದ ಜಾಗ ಕೋಟೆ. ಸಿಪಾಯಿ ದೋಣಿಯಲ್ಲಿ ಕೆರೆ ದಾಟಿ ಕೋಟೆ ಸೇರುತ್ತಾನೆ. ಒಳಗೆ ಇಬ್ಬರು ದೈತ್ಯರು. ಅವರನ್ನು ಕೊಂದರೆ ಅರಮನೆಯ ದಾರಿ ತೆರೆಯುತ್ತದೆ. ಆದರೆ ಕೋಟೆಯ ಮುರಿದ ಉಪ್ಪರಿಗೆಯಿಂದ ಸರಿಯಾದ ಗಳಿಗೆಗೆ ಹಾರಿ, ಗಾಳಿಯಲ್ಲಿ ಗುರಾಣಿ ಎತ್ತಿ, ತಕ್ಷಣ ಇಳಿಸಿದರೆ ಸಿಪಾಯಿ ಗೋಡೆಯೊಳಗಿಂದ ತೂರಿ ಆಚೆ ಬೀಳುತ್ತಿದ್ದ. ದೈತ್ಯರ ಗೊಡವೆಯೇ ಇಲ್ಲ. ಆಟ ಮಾಡಿದವರಿಂದ ಉಳಿದುಹೋದ ಲೋಪ ಅದು. ಇರುವುದು ಎಲ್ಲರಿಗೂ ಗೊತ್ತಿತ್ತು, ಕೈಗೆ ಹತ್ತಿದ್ದು ಯಾರಿಗೂ ಇಲ್ಲ. ಬ್ರೆಜಿಲ್‌ನವನೂ ದೈತ್ಯರನ್ನು ಕೊಂದೇ ಹೋಗುತ್ತಿದ್ದ.

ಚಿರಂಜೀವಿ ಅದನ್ನು ಕಲಿತ. ಕಲಿಯುವಷ್ಟರಲ್ಲಿ ಮೂರು ಬೆಳೆ ರೇಷ್ಮೆ ಗೂಡು ಮಾರುಕಟ್ಟೆಗೆ ಹೋಯಿತು. ಹೆಬ್ಬೆರಳ ಬುಡ ಊದಿಕೊಂಡು, ಹಾಲಿನ ಕ್ಯಾನು ಎತ್ತಲು ಎಡಗೈ ಬಳಸುವಂತಾಯಿತು. ಶೋಭಾರಾಣಿ ಹರಳೆಣ್ಣೆ ತಿಕ್ಕಿ ಬೈದರು. ಕೊನೆಗೆ ಹತ್ತು ಸಲ ಹಾರಿದರೆ ಏಳೆಂಟು ಸಲ ಗೋಡೆಯಾಚೆ ಬೀಳುವ ಹಾಗಾಯಿತು. ಅದರ ವಿಡಿಯೊ ಹಾಕಿದಾಗ ಎಲ್ಲೆಲ್ಲಿಯವರೋ ಬರೆದರು. ಅವನು ಒಂದೊಂದನ್ನೂ ಯಶೋಧರಾಗೆ ಓದಿ ಹೇಳಿದ. ಅವಳು ಇಡೀ ದಾರಿಯನ್ನು ಆ ಗೋಡೆಯ ಸುತ್ತ ಹೊಸದಾಗಿ ಕಟ್ಟಿದಳು. ಇನ್ನು ಮೊದಲಿಂದ ಕೊನೆಯವರೆಗೆ ತಪ್ಪಿಲ್ಲದ ಒಂದು ಓಟ ಆಗಬೇಕಿತ್ತು, ಅಷ್ಟೆ.

ಬುದ್ಧ ಪೂರ್ಣಿಮೆಯ ದಿನ ಯಶೋಧರಾ ಮನೆಯಲ್ಲಿ ನೆಂಟರು ಸೇರಿದ್ದರು. ಊಟಕ್ಕೆ ಇನ್ನೂ ಹೊತ್ತಿತ್ತು. ಅವಳು ತನ್ನ ಕೋಣೆಯಲ್ಲಿ, ಗೌರಿಬಿದನೂರಿನ ಗೆಳತಿಯೊಬ್ಬಳು ಕೊಟ್ಟಿದ್ದ ಹಳೆಯ ಕನ್ಸೋಲಿನಲ್ಲಿ ಸುಮ್ಮನೆ ಆಡುತ್ತಿದ್ದಳು. ಕೈಯಲ್ಲಿ ಹಿಡಿದು ಆಡಿಸುವ ಅದರ ಕಂಟ್ರೋಲರ್ ಕೆಟ್ಟಿತ್ತು. ಕೈ ಬಿಟ್ಟರೂ ಸಿಪಾಯಿ ತನ್ನಷ್ಟಕ್ಕೆ ಎಡಕ್ಕೆ ನಡೆಯುತ್ತಿದ್ದ. ದೋಣಿ ಕೆರೆಯ ಮಧ್ಯೆ ಹೋಗುತ್ತಿರುವಾಗ ಅಪ್ಪ ಮುನಿಶಾಮಿ ಕರೆದರು.

"ಯಶೋಧಮ್ಮ, ಪಾಯಸ ಬಡಿಸ್ಬಾ. ಎಲೆ ಹಾಕಾಯ್ತು."

ಅವಳು ಕಂಟ್ರೋಲರನ್ನು ಹಾಸಿಗೆಯ ಮೇಲಿಟ್ಟು ಹೋದಳು. ತಿರುಗಿ ಬಂದಾಗ ಸಿಪಾಯಿ ಅರಮನೆಯ ಮೆಟ್ಟಿಲ ಹತ್ತಿರ ನಿಂತಿದ್ದ.

ಅವಳಿಗೆ ಮೊದಲು ಯಾರೋ ನೆಂಟರ ಮಕ್ಕಳು ಮುಟ್ಟಿರಬೇಕು ಅನ್ನಿಸಿತು. ಆದರೆ ಎಲ್ಲರೂ ಊಟಕ್ಕೆ ಕೂತಿದ್ದರು. ಅಲ್ಲದೆ ಕೋಟೆಗೇ ಹೋಗದೆ ಅರಮನೆ ಸೇರುವುದು ಯಾರಿಂದಲೂ ಆಗದ ಕೆಲಸ. ಮತ್ತೆ ಮೊದಲಿಂದ ಆಡಿ ದೋಣಿಯವರೆಗೆ ಬಂದು ನೋಡಿದಳು. ಈ ಆಟದಲ್ಲಿ ಸಿಪಾಯಿ ಸತ್ತರೆ ಕೊನೆಯದಾಗಿ ಕಂಡ ದೀಪದ ಬಳಿ ಎಚ್ಚರಗೊಳ್ಳುತ್ತಾನೆ. ಕೆರೆಯ ನಡುವೆ ಸ್ವಲ್ಪ ಹೊತ್ತು ದೂರದ ಅರಮನೆಯ ದೀಪ ಕಣ್ಣಿಗೆ ಬೀಳುತ್ತದೆ. ಆಗ ದೋಣಿಯಿಂದ ಬಿದ್ದು ಮುಳುಗಿದರೆ ಆಟ ಆ ದೀಪವನ್ನೇ ಕಂಡ ದೀಪವೆಂದು ಲೆಕ್ಕ ಹಿಡಿಯುತ್ತಿತ್ತು. ಬೇರೆಯವರಿಗೆ ಇದು ತಿಳಿಯದೆ ಇದ್ದದ್ದಕ್ಕೆ ಕಾರಣವೂ ಸರಳ. ದೋಣಿ ಸಾಗುವಾಗ ಆಟಗಾರರಿಗೆ ಮಾಡಲು ಏನೂ ಇಲ್ಲ. ಎಲ್ಲರೂ ಕಂಟ್ರೋಲರ್ ಬದಿಗಿಟ್ಟು, ಪಕ್ಕದ ಬಾಟಲಿ ತೆಗೆದು ನೀರು ಕುಡಿಯುತ್ತಾರೆ.

ಕಾಗದದ ಮೇಲೆ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. ಇಡೀ ಕೋಟೆಯೇ ತಪ್ಪುತ್ತಿತ್ತು. ಗೋಡೆ ಹಾರುವುದರಿಂದ ಉಳಿಯುತ್ತಿದ್ದದ್ದು ಇದರ ಮುಂದೆ ಯಾತಕ್ಕೂ ಸಾಲದು.

ಆ ಭಾನುವಾರ ಅವಳು ಜಂಗಮಕೋಟೆಗೆ ಹೋದಳು, ಹೇಳಲಿಲ್ಲ. ಚಿರಂಜೀವಿ ಎರಡು ಸಲ ಗೋಡೆ ಹಾರಿ ತೋರಿಸಿದ. "ಚೆನ್ನಾಗ್ ಬಂತು" ಅಂದಳು. ಮುಂದಿನ ಭಾನುವಾರವೂ ಹೇಳಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ತಾನು ಮಾಡುತ್ತಿರುವುದು ಸರಿಯಲ್ಲ ಅನ್ನಿಸಿತು. ಆದರೂ ಅವನ ಊದಿದ ಬೆರಳು ನೆನಪಾಗಿ ಸುಮ್ಮನಾದಳು. ಮೂರನೆಯ ಭಾನುವಾರ ಹೇಳಿದಳು.

"ಚಿರು, ದೋಣಿ ಹತ್ರ ಒಂಚೂರು ನಿಧಾನ. ಈಗ ಎಡಕ್ಕೆ ನಡೆಸು."

"ನೀರಿದೆ ಕಣೇ."

"ಗೊತ್ತು. ನಡೆಸು."

ಸಿಪಾಯಿ ನೀರಿಗೆ ಬಿದ್ದ. ಟಿವಿ ಕಪ್ಪಾಯಿತು, ಮತ್ತೆ ಬೆಳಗಿತು. ಅರಮನೆಯ ಮೆಟ್ಟಿಲು ಕಂಡಿತು.

ಚಿರಂಜೀವಿ ಕಂಟ್ರೋಲರ್ ಹಿಡಿದುಕೊಂಡೇ ಕೇಳಿದ. "ಕೋಟೆ?"

"ಕೋಟೆಗೆ ಹೋಗೋದೇ ಬೇಡ."

"ಗೋಡೆ?"

"ಗೋಡೇನೂ ಬೇಡ."

"ಯಾವಾಗ್ ಸಿಕ್ತು ಇದು?"

"ಬುದ್ಧ ಪೂರ್ಣಿಮೆ ದಿನ."

"ಅಂದ್ರೆ ನಾನಿಲ್ಲಿ ಗೋಡೆ ಹಾರ್ತಾ ಇದ್ದೆ, ನೀನು ನೋಡ್ಕೊಂಡ್ ಕೂತಿದ್ದೆ."

"ಹೆಂಗ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ ಕಣೋ."

ಅವನು ಎದ್ದು ಮೆಟ್ಟಿಲ ಬಳಿ ಹೋಗಿ ಕೂಗಿದ. "ಅಮ್ಮಾ, ಒಂಚೂರು ಮೇಲಕ್ಕೆ ಬಾ."

ಶೋಭಾರಾಣಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಏಮಿರಾ, ಏನೋ ಅದು? ಹುಳಕ್ಕೆ ಸೊಪ್ಪು ಹಾಕೋದು ಬಿಟ್ಟು ಬಂದಿದ್ದೀನಿ."

ಅವನು ಆಟವನ್ನು ಹಿಂದಕ್ಕೆ ತಂದು, ದೋಣಿ ಕೆರೆಯ ನಡುವೆ ಬಂದಾಗ ಕಂಟ್ರೋಲರನ್ನು ತಾಯಿಯ ಕೈಗೆ ಕೊಟ್ಟ. "ಇದನ್ನ ಎಡಗಡೆಗೆ ಒತ್ತು."

ಅವರು ಒತ್ತಿದರು. "ಅಯ್ಯೋ, ಬಿದ್ದೋದ್ನಲ್ಲಪ್ಪ!"

"ಬೀಳ್ಲಿ."

ಸಿಪಾಯಿ ಅರಮನೆಯ ಬಳಿ ಎದ್ದು ನಿಂತ. ಶೋಭಾರಾಣಿಗೆ ಸಮಾಧಾನವಾಯಿತು. "ಎದ್ದ ನೋಡು. ಇನ್ನೇನ್ ಒತ್ಬೇಕು?"

"ಇನ್ನೇನೂ ಬೇಡ, ಹೋಗಮ್ಮ."

ತಾಯಿ ಇಳಿದು ಹೋದ ಮೇಲೆ ಅವನು ಹೇಳಿದ. "ನೋಡಿದ್ಯಾ? ನಮ್ಮಮ್ಮ ಜೀವಮಾನದಲ್ಲಿ ಇದನ್ನ ಕೈಯಲ್ಲಿ ಹಿಡಿದೋಳಲ್ಲ. ಒಂದೇ ಸಲಕ್ಕೆ ಮಾಡಿದ್ಲು."

"ಬೇಗ ಮುಗಿಸೋದೇ ಅಲ್ವೇನೋ ನಮಗೆ ಬೇಕಾಗಿದ್ದು?"

"ನಿನಗೆ ಅಷ್ಟೇ ಬೇಕಾಗಿದ್ದು." ಕಂಟ್ರೋಲರನ್ನು ಮತ್ತೆ ಕೈಗೆ ತೆಗೆದುಕೊಂಡ. "ನಾನು ಗೋಡೇಲೇ ರೆಕಾರ್ಡ್ ತಗೊಳ್ತೀನಿ. ಗೋಡೆ ಸಾಕು ಬ್ರೆಜಿಲ್‌ನೋನ್ನ ಹಿಂದಾಕಕ್ಕೆ. ಅಲ್ಲೀವರ್ಗೂ ಇದನ್ನ ಯಾರಿಗೂ ಹೇಳ್ಬೇಡ."

ಅವಳು ಒಪ್ಪಿಕೊಂಡಳು. ಎರಡು ವಾರ ಮುಚ್ಚಿಟ್ಟದ್ದು ಅವಳ ಮನಸ್ಸಿನಲ್ಲಿತ್ತು. ಅದಕ್ಕೆ ಇದು ಸರಿಹೋಯಿತು ಅಂದುಕೊಂಡಳು.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ, ಯಶೋಧರಾ ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅವನಿಂದ ಮೆಸೇಜ್ ಬಂತು. ಗೋಡೆ ಹಾರುವುದು ಮೊದಲ ಸಲಕ್ಕೇ ಸರಿಯಾಗಿ ಬಂದಿತ್ತು, ಅರಮನೆಯಲ್ಲೂ ಏನೂ ತಪ್ಪಿರಲಿಲ್ಲ. ಬ್ರೆಜಿಲ್‌ನವನಿಗಿಂತ ಅರ್ಧ ನಿಮಿಷ ಬೇಗ ಮುಗಿದಿತ್ತು. ವಿಡಿಯೊ ಪರಿಶೀಲನೆಯಾಗಿ ಪಟ್ಟಿಯ ಮೇಲ್ತುದಿಗೆ ಅವನ ಹೆಸರು ಬಂತು. ಬ್ರೆಜಿಲ್‌ನವನೇ ಮೊದಲು ಅಭಿನಂದನೆ ಬರೆದ. ಡೇರಿಯಲ್ಲಿ ಚಿರಂಜೀವಿ ಎಲ್ಲರಿಗೂ ಜಿಲೇಬಿ ಹಂಚಿದ. ಯಾತಕ್ಕೆಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ನೌಕರಿ ಆಗಿರಬೇಕು ಅಂದುಕೊಂಡು ತಿಂದರು.

ಆ ಭಾನುವಾರ ಯಶೋಧರಾ ಕೇಳಿದಳು. "ದೋಣೀದು ಈಗ ಹಾಕ್ಲಾ?"

"ಈ ಬೆಳೆ ಮುಗೀಲಿ. ನಾಲ್ಕು ದಿನ ಹೆಸರು ಮೇಲಿರ್ಲಿ."

ಬೆಳೆ ಮುಗಿಯಿತು. "ದಸರಾ ಆಗ್ಲಿ" ಅಂದ. ಅವಳು ಮತ್ತೆ ಕೇಳಲಿಲ್ಲ. ದೋಣಿಯ ಗುಟ್ಟು ಬೇರೆ ಯಾರಿಗೂ ಹೊಳೆಯಲಿಲ್ಲ. ಅವನ ಹೆಸರು ಅಲ್ಲೇ ಇತ್ತು. ಪಟ್ಟಿ ತೆರೆದಾಗಲೆಲ್ಲ ಅವಳಿಗೆ ಆ ಹೆಸರು ಅಲ್ಲಿರುವುದು ಅರ್ಧ ಅವನ ಕೈಯಿಂದ, ಅರ್ಧ ತಾನು ಬಾಯಿ ಮುಚ್ಚಿಕೊಂಡಿದ್ದರಿಂದ ಅನ್ನಿಸುತ್ತಿತ್ತು.

ದಸರಾ ರಜೆ ಮುಗಿದು ಶಾಲೆ ತೆರೆದ ವಾರ ಅವನು ಒಂದು ಪತ್ರವನ್ನು ಅವಳಿಗೆ ಕಳಿಸಿದ. ಪೋಲೆಂಡಿನ ಆಟಗಾರ್ತಿಯೊಬ್ಬಳು ಅವನಿಗೆ ಬರೆದದ್ದು. ಅವನ ವಿಡಿಯೊ ನೋಡಿಕೊಂಡು ಗೋಡೆ ಹಾರುವುದನ್ನು ಕಲಿಯುತ್ತಿದ್ದಾಳಂತೆ. ಬೇಸಿಗೆಯಿಂದ ದಿನವೂ ಕೂರುತ್ತಿದ್ದಾಳೆ, ಇನ್ನೂ ಹತ್ತಿಲ್ಲ. ಮಣಿಕಟ್ಟು ನೋಯುತ್ತಿದೆ, ಪಟ್ಟಿ ಕಟ್ಟಿಕೊಂಡಿದ್ದಾಳೆ. ಗುರಾಣಿ ಇಳಿಸುವಾಗ ಬೆರಳು ಎಲ್ಲಿಡುತ್ತೀರಿ ಎಂದು ಕೇಳಿದ್ದಳು. ಕೆಳಗೆ ಚಿರಂಜೀವಿ ಬರೆದಿದ್ದ: ನೋಡು, ಎಲ್ಲೆಲ್ಲಿಂದ ಕಲೀತಿದ್ದಾರೆ.

ಯಶೋಧರಾ ಊಟದ ಬಿಡುವಿನಲ್ಲಿ ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ನಿಂತು ಫೋನ್ ಮಾಡಿದಳು.

"ಇವತ್ತು ಸಾಯಂಕಾಲ ದೋಣಿ ವಿಡಿಯೊ ಹಾಕ್ತೀನಿ."

"ಯಾಕೆ, ಏನಾಯ್ತು?"

"ಆ ಹುಡ್ಗಿ ಕೈ ಮುರ್ಕೊಂಡು ಕೂತವಳೆ. ಹಾರೋ ಅಗತ್ಯಾನೇ ಇಲ್ಲದ ಗೋಡೆ ಅದು. ನನಗೆ ಗೊತ್ತಿದ್ದೂ ಸುಮ್ನಿರಕ್ಕಾಗಲ್ಲ ಚಿರು."

ಅತ್ತಲಿಂದ ಹುಳುಗಳಿಗೆ ಸೊಪ್ಪು ಕತ್ತರಿಸುವ ಸದ್ದು ಕೇಳಿಸುತ್ತಿತ್ತು.

"ನಿನ್ನಿಷ್ಟ" ಅಂದು ಅವನು ಫೋನ್ ಇಟ್ಟ.

ಅವಳು ಹಾಕಿದಳು. ಆ ವಾರ ಮುಗಿಯುವಷ್ಟರಲ್ಲಿ ಮೊದಲ ಸ್ಥಾನ ಮೂರು ಸಲ ಕೈ ಬದಲಾಯಿತು. ಚಿರಂಜೀವಿಯ ಹೆಸರು ಕೆಳಗಿಳಿಯುತ್ತ ಹೋಗಿ, ಪರದೆಯನ್ನು ಸರಿಸಿ ಹುಡುಕುವಂತಾಯಿತು. ಪೋಲೆಂಡಿನವಳು ಯಶೋಧರಾಗೆ ವಂದನೆ ಬರೆದಳು. ಇದು ನಿಮಗೆ ಯಾವಾಗ ಗೊತ್ತಾಯಿತು ಎಂದೂ ಕೇಳಿದ್ದಳು. ಯಶೋಧರಾ ಬೇಸಿಗೆಯಲ್ಲಿ ಎಂದು ನಿಜವನ್ನೇ ಬರೆದಳು. ಅದಕ್ಕೆ ಉತ್ತರವಾಗಿ ಬಂದದ್ದು "ಸರಿ" ಎಂಬ ಒಂದೇ ಮಾತು. ಅದು ಅವಳನ್ನು ಕೆಲವು ದಿನ ಕೊರೆಯಿತು.

ಚಿರಂಜೀವಿ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಭಾನುವಾರಗಳಲ್ಲಿ ಮನೆಯಲ್ಲೇ ಇದ್ದು ಟೆಸ್ಟ್ ಪೇಪರ್ ತಿದ್ದಿದಳು. ಅಪ್ಪ ಒಂದು ಸಲ "ಜಂಗಮಕೋಟೆಗೆ ಹೋಗಲ್ವೇನಮ್ಮ?" ಎಂದು ಕೇಳಿದರು. "ಇಲ್ಲಪ್ಪ" ಅಂದಳು.

ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದಲ್ಲಿ ಟೀಚರುಗಳ ತರಬೇತಿ ಮುಗಿಸಿಕೊಂಡು ಬರುವಾಗ, ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಅವನು ಕಂಡ. ಗೂಡು ಮಾರಿ ಬಂದಿದ್ದ. ಹೆಗಲ ಮೇಲೆ ಖಾಲಿ ಚೀಲಗಳ ಮಡಿಕೆ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಯಾಗಿತ್ತು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

"ಚೆನ್ನಾಗಿದ್ದೀಯಾ?" ಅಂದ.

"ಇದ್ದೀನಿ. ಆಂಟಿ?"

"ಇದ್ದಾಳೆ." ಚೀಲಗಳನ್ನು ಕೆಳಗಿಟ್ಟ. "ನಿನ್ಮೇಲೆ ಸಿಟ್ಟಿತ್ತು. ಈಗ ಅಷ್ಟಿಲ್ಲ."

"ಇನ್ನೂ ಒಂಚೂರು ಇದ್ಯಾ?"

"ಇದೆ."

ಅವನು ಜೇಬಿನಿಂದ ಫೋನ್ ತೆಗೆದು ಒಂದು ವಿಡಿಯೊ ತೋರಿಸಿದ. ಸಿಪಾಯಿ ಅರಮನೆಯ ಮೆಟ್ಟಿಲ ಕಟಕಟೆ ಹತ್ತಿ ಹಾರಿ, ಗುರಾಣಿ ಎತ್ತಿ ಇಳಿಸಿ, ಗೋಡೆಯೊಳಗಿಂದ ನೇರ ಸಿಂಹಾಸನದ ಹಜಾರಕ್ಕೆ ಬೀಳುತ್ತಿದ್ದ.

"ದೋಣಿಯಾದ್ಮೇಲೆ ಇಲ್ಲಿ ಹಾರಬೋದು. ಹೋದ ತಿಂಗಳು ಸಿಕ್ತು. ನೀನು ಒಂದ್ಸಲ ಲೆಕ್ಕ ನೋಡ್ತೀಯಾ?"

ಯಶೋಧರಾ ವಿಡಿಯೊವನ್ನು ಮತ್ತೆ ಹಾಕಿಸಿಕೊಂಡು ನೋಡಿದಳು. ಚಿಂತಾಮಣಿಯ ಬಸ್ಸು ಬಂದು ನಿಂತಿತು. ಜನ ಹತ್ತತೊಡಗಿದರು. ಒಂದು ಗಳಿಗೆ ಅವಳಿಗೆ ಮನೆಗೆ ಹೋಗಿ ನೋಡಿ ಹೇಳುತ್ತೇನೆ ಎನ್ನೋಣ ಅನ್ನಿಸಿತು. ಹಾಗೆ ಅನ್ನಲಿಲ್ಲ.

"ಇಲ್ಲಿ ಹಾರಿದ್ರೆ ಕಾವಲುಗಾರನ ಹತ್ರ ಇರೋ ಬೀಗದ ಕೈ ತಪ್ಪೋಗುತ್ತೆ. ಕೊನೇ ಬಾಗಿಲು ತೆಗೆಯಕ್ಕೆ ಅದು ಬೇಕು. ಹಿಂದಕ್ಕೆ ಓಡಿ ಬಂದು ತಗೋಬೇಕು. ನಷ್ಟಾನೇ ಕಣೋ."

"ತುಂಬಾನಾ?"

"ತುಂಬಾನೇ."

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

"ಬೀಗದ ಕೈ ಬೇರೆ ಎಲ್ಲಾದ್ರೂ ಸಿಗೋ ಹಂಗಿದ್ರೆ?"

"ಸಿಕ್ಕಿದ್ರೆ ಲಾಭ. ಹುಡುಕ್ತೀನಿ."

"ಹುಡುಕು. ಸಿಕ್ಕಿದ್ ದಿನಾನೇ ಹೇಳು. ಸಿಗದಿದ್ರೂ ಹೇಳು."

"ಹೇಳ್ತೀನಿ" ಅಂದು ಅವಳು ಬಸ್ಸು ಹತ್ತಿದಳು.

ಬೀಗದ ಕೈ ಬೇರೆಲ್ಲೂ ಇರಲಿಲ್ಲ. ಸಂಕ್ರಾಂತಿಗೆ ಮುಂಚೆ ಹದಿನೈದು ದಿನ ಹುಡುಕಿ, ಇಲ್ಲ ಎಂದು ಖಾತ್ರಿಯಾದ ಸಂಜೆಯೇ ಫೋನ್ ಮಾಡಿ ಹೇಳಿದಳು. ಅವನು "ಆಯ್ತು" ಅಂದ. ಆಮೇಲೆ, ತಾನೂ ದೋಣಿಯ ದಾರಿಯಲ್ಲೇ ಓಡಲು ಶುರು ಮಾಡಿರುವುದಾಗಿ, ಕಾಡಿನ ಭಾಗದಲ್ಲಿ ಎಲ್ಲೋ ಹೊತ್ತು ಸೋರುತ್ತಿರುವುದಾಗಿ, ಒಬ್ಬನೇ ನೋಡಿದರೆ ಗೊತ್ತಾಗುತ್ತಿಲ್ಲವೆಂದು ಹೇಳಿದ.

ಭಾನುವಾರ ಅವಳು ಹೋದಳು. ಶೋಭಾರಾಣಿ ಬಾಗಿಲಲ್ಲೇ ಸಿಕ್ಕಿ, "ಏನಮ್ಮ, ಇಷ್ಟ್ ದಿನ ಎಲ್ಲೋಗಿದ್ದೆ? ಮೇಲಿದ್ದಾನೆ, ಹೋಗು" ಅಂದರು. ಕಾಡಿನ ದಾರಿಯನ್ನು ಇಬ್ಬರೂ ಮೂರು ಸಲ ನೋಡಿದರು. ನಾಲ್ಕನೆಯ ಸಲಕ್ಕೆ ಅವಳು ಒಂದು ಹಾಳು ಸೇತುವೆಯನ್ನು ತೋರಿಸಿ, ಅಲ್ಲಿ ನಿಲ್ಲದೆ ಹೋದರೆ ಏನಾಗುತ್ತದೆ ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಸಂಜೆಯ ಹಾಲಿಗೆ ಇನ್ನೂ ಹೊತ್ತಿತ್ತು. ಅವನು ಆಟವನ್ನು ಮತ್ತೆ ಮೊದಲಿಂದ ಶುರು ಮಾಡಿದ.