ಇಲ್ಲದ ಚಿಕ್ಕಮ್ಮ

ಎರಡು ವರ್ಷಗಳ ಪದವಿಪೂರ್ವ ಶಿಕ್ಷಣದ ಹೇಸೆಲ್‌ಬ್ಯಾಂಕ್ ಸಿಕ್ಸ್ತ್ ಫಾರ್ಮ್ ಕಾಲೇಜಿನಲ್ಲಿ ತಡವಾಗಿ ಬಂದವರಿಗೆ ಎರಡು ದಾರಿಗಳಿದ್ದವು. ಬಸ್ಸು ತಡವಾಯಿತೆಂದರೆ ಹಾಜರಿಯ ಮೇಜಿನ ಹೆಂಗಸು ತಲೆಯೆತ್ತದೆ ಒಂದು ಗುಂಡಿಯನ್ನು ಒತ್ತುತ್ತಿದ್ದಳು. ಪ್ರಕರಣ ಅಲ್ಲಿಗೆ ಮುಗಿಯುತ್ತಿತ್ತು. ನಿಜವಾದ ಕಾರಣವನ್ನು ಹೇಳಿದರೆ ಅದು ನೆಲಮಹಡಿಯ ನೆರವಿನ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಯಾವ ಪ್ರಕರಣವೂ ಮುಗಿಯುತ್ತಿರಲಿಲ್ಲ.

ಮಾರ್ನಿ ಓರ್ಮರಾಡ್ ಮೊದಲ ವರ್ಷದ ಆರಂಭದಲ್ಲಿ ಬಸ್ಸಿನ ದಾರಿಯನ್ನೇ ಹಿಡಿದಿದ್ದಳು. ಅವಳ ತಾಯಿ ಜನೀನ್‌ಗೆ ನರಗಳ ಕಾಯಿಲೆ. ಕಾಲುಗಳು ಆಕೆಯ ಮಾತನ್ನು ಕೇಳುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಕೈಗಳೂ ಈಗೀಗ ಅದೇ ಹಾದಿಯಲ್ಲಿದ್ದವು. ಬೆಳಿಗ್ಗೆ ಆಕೆಯನ್ನು ಎಬ್ಬಿಸಲು ನಗರಸಭೆಯವರು ಆರೈಕೆಯ ಹೆಂಗಸೊಬ್ಬಳನ್ನು ಕಳುಹಿಸುತ್ತಿದ್ದರಾದರೂ, ಅವಳು ಬರುತ್ತಿದ್ದುದು ಹತ್ತಕ್ಕೋ ಹನ್ನೊಂದಕ್ಕೋ. ಅಷ್ಟು ಹೊತ್ತು ತಾಯಿ ಒದ್ದೆ ಹಾಸಿಗೆಯಲ್ಲಿ ಬಿದ್ದಿರಬಾರದೆಂದು ಮಾರ್ನಿಯೇ ಆಕೆಯನ್ನು ಎತ್ತಿ, ಶೌಚಕ್ಕೆ ಕೂರಿಸಿ, ಮೈ ಒರೆಸಿ, ಓಟ್ಸ್ ಗಂಜಿ ತಿನ್ನಿಸಿ, ಗಾಲಿಕುರ್ಚಿಯನ್ನು ಕಿಟಕಿಯ ಬಳಿ ನಿಲ್ಲಿಸಿ ಬೆಟ್ಟದ ಇಳಿಜಾರಿನಲ್ಲಿ ಓಡುತ್ತಿದ್ದಳು. ಹಾಗೆ ಓಡಿ ಬಂದು ಅವಳು ಜೀವಶಾಸ್ತ್ರ, ರಸಾಯನಶಾಸ್ತ್ರ, ಮನಶ್ಶಾಸ್ತ್ರಗಳನ್ನು ಓದುತ್ತಿದ್ದುದು ಸೂಲಗಿತ್ತಿಯಾಗುವುದಕ್ಕೆ. ಆ ಶಿಕ್ಷಣಕ್ಕೆ ವಿಶ್ವವಿದ್ಯಾಲಯದವರು ಮೂರು ವಿಷಯಗಳನ್ನು ಕೇಳುತ್ತಿದ್ದರು. ಎರಡಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ.

ನೆರವಿನ ಕೋಣೆಯ ಒಡತಿ ಮಿಸೆಸ್ ಗ್ಯಾಸ್ಕಾರ್ತ್ ಭಾನುವಾರಗಳಲ್ಲಿ ಮೆಥಡಿಸ್ಟ್ ಪ್ರಾರ್ಥನಾಮಂದಿರದಲ್ಲಿ ಮಕ್ಕಳಿಗೆ ಪಾಠ ಹೇಳುವಾಕೆ. ಹಸಿದು ಬಂದವರಿಗೆ ಬ್ರೆಡ್ಡು ಸುಟ್ಟು ಬೆಣ್ಣೆ ಸವರಿ ಕೊಟ್ಟು, ಅವರು ತಿನ್ನುವವರೆಗೆ ಏನೂ ಕೇಳದೆ ಕೂರುವಳು. ಆಕೆಯ ಕರುಣೆ ನಿಜವಾದದ್ದು. ಈ ಕಥೆಯ ಕಹಿಯೆಲ್ಲ ಇರುವುದು ಅಲ್ಲಿಯೇ. ಅಕ್ಟೋಬರಿನ ಒಂದು ಬೆಳಿಗ್ಗೆ ಮಾರ್ನಿಯ ತೋಳಿನ ಮೇಲಿದ್ದ ಗಂಜಿಯ ಕಲೆಯನ್ನು ಕಂಡು ಆಕೆ ಅವಳನ್ನು ಒಳಗೆ ಕರೆದಳು. ಎರಡನೆಯ ಬ್ರೆಡ್ಡಿನ ಹೊತ್ತಿಗೆ ಮಾರ್ನಿ ಎಲ್ಲವನ್ನೂ ಹೇಳಿದ್ದಳು: ಹಾಸಿಗೆ, ಶೌಚ, ಮನೆಯಲ್ಲಿ ಬೇರೆ ಯಾರೂ ಇಲ್ಲದಿರುವುದು, ಸ್ಪೇನಿನ ಕಡಲತೀರದಲ್ಲಿ ಬಾರ್ ನಡೆಸುತ್ತ ಕ್ರಿಸ್ಮಸ್ಸಿಗೊಮ್ಮೆ ಮಾತ್ರ ಫೋನು ಮಾಡುವ ಚಿಕ್ಕಮ್ಮ ಡೆನಿಸ್.

ಅವಳು ನಿಜ ಹೇಳಿಬಿಟ್ಟದ್ದನ್ನು ಕೇಳಿ ಅವಳ ತರಗತಿಯ ಡಿಲನ್ ನಕ್ಕಿದ್ದ. ಅವನು ಪ್ರತಿದಿನ ನಿದ್ದೆಯಿಂದಲೇ ತಡವಾಗಿ ಬರುವವನು.

"ನಿಜ ಹೇಳೋಕೆ ಇದೇನು ಚರ್ಚಾ? ಬಸ್ಸು ಅಂದ್ಬಿಡು ಕಣೇ," ಎಂದ. "ಬಸ್ಸನ್ನ ಕರೆಸಿ, ಕೂರಿಸಿ, ನಿನ್ ಕಷ್ಟ ಏನಪ್ಪಾ ಅಂತ ಯಾರೂ ಕೇಳಲ್ಲ."

ನೆರವು ಮೆಟ್ಟಿಲು ಮೆಟ್ಟಿಲಾಗಿ ಬಂತು. ಮೊದಲು, ತಡವಾಗಿ ಬರಲು ಅನುಮತಿಯ ಹಸಿರು ಕಾರ್ಡು. ಅದು ಸಾಲದೆಂದು ಕಂಡಾಗ, ವಾರಕ್ಕೊಮ್ಮೆ ಆಪ್ತಸಲಹೆ. ಆ ಹೊತ್ತು ರಸಾಯನಶಾಸ್ತ್ರದ ಪ್ರಯೋಗಶಾಲೆಯ ಹೊತ್ತಾಗಿತ್ತು, ಆದ್ದರಿಂದ ಅವಳು ಪ್ರಯೋಗಗಳಲ್ಲಿ ಹಿಂದೆ ಬಿದ್ದಳು. ಹಿಂದೆ ಬಿದ್ದದ್ದಕ್ಕೆ ಮೂರನೆಯ ಮೆಟ್ಟಿಲು: ಭಾರ ಇಳಿಸಿಕೊಳ್ಳಲು ರಸಾಯನಶಾಸ್ತ್ರವನ್ನೇ ಬಿಡಬಾರದೇಕೆಂಬ ಸಲಹೆ. ಅವಳು ಒಲ್ಲೆನೆಂದಳು. ನೆರವನ್ನು ನಿರಾಕರಿಸಿದ್ದೂ ದಾಖಲಾಯಿತು. ಪಡೆದ ಪ್ರತಿಯೊಂದು ಸಹಾಯವೂ ಅವಳ ಅಶಕ್ತಿಗೆ ಸಾಕ್ಷಿಯಾಗಿ ಒಂದರ ಮೇಲೊಂದು ಕೂಡಿಕೊಂಡಿತು. ಡಿಲನ್‌ನ ಹೆಸರಿನ ಮುಂದೆ ಬಸ್ಸುಗಳಲ್ಲದೆ ಬೇರೇನೂ ಇರಲಿಲ್ಲ. ಜೂನ್ ಬರುವಷ್ಟರಲ್ಲಿ ಉಳಿದಿದ್ದುದು ಕೊನೆಯ ಮೆಟ್ಟಿಲು. ಮಾರ್ನಿ ಎರಡನೆಯ ವರ್ಷಕ್ಕೆ ಹೋಗಲು ಶಕ್ತಳೋ ಅಲ್ಲವೋ ಎಂದು ತೀರ್ಮಾನಿಸುವ ಸಭೆ ಅದು. ತಾಯಿಗೂ ಕರೆ ಹೋಯಿತು.

ಗಾಲಿಕುರ್ಚಿ ಹಿಡಿಸುವ ಟ್ಯಾಕ್ಸಿಯಲ್ಲಿ, ತುಟಿಗೆ ಬಣ್ಣ ಹಚ್ಚಿಸಿಕೊಂಡು ಜನೀನ್ ಬಂದಳು. ಉಪಪ್ರಾಂಶುಪಾಲ ಮಿಸ್ಟರ್ ಥ್ರೆಲ್‌ಫಾಲ್ ಆಕೆಗಾಗಿ ಮೇಜನ್ನು ತಾನೇ ಸರಿಸಿದ. ಮಾರ್ನಿಯ ಜಾಣತನವನ್ನು ಹೊಗಳಿದ, ಅವಳ ಕಣ್ಣಿನ ಕೆಳಗಿನ ಕಪ್ಪಿಗೆ ಮರುಗಿದ. ಒಂದು ವರ್ಷದ ವಿರಾಮ, ಆಮೇಲೆ ಬೇರೆಲ್ಲಾದರೂ ಹಗುರವಾದ ತರಬೇತಿ ಎಂದು ಸೂಚಿಸಿದ. ಅವಳೇ ಇಷ್ಟಪಟ್ಟು ಬಿಟ್ಟಳೆಂದಾದರೆ ಯಾರಿಗೂ ಕೆಟ್ಟದಾಗಿ ಕಾಣುವುದಿಲ್ಲವೆಂದೂ ಹೇಳಿದ. ಕಾಲೇಜಿನ ಫಲಿತಾಂಶದ ಪಟ್ಟಿಗೆ ಅದು ಒಳ್ಳೆಯದೆಂಬುದನ್ನು ಮಾತ್ರ ಹೇಳಲಿಲ್ಲ.

"ಇದು ಶಿಕ್ಷೆ ಅಲ್ಲ ಮಿಸೆಸ್ ಓರ್ಮರಾಡ್. ನಮಗೆ ಮಾರ್ನಿ ಹಿತ ಮೊದಲು."

"ಹಿತಕ್ಕೆ ಅವಳನ್ನ ಮನೆಗೆ ಕಳಿಸ್ತೀರಾ," ಎಂದಳು ಜನೀನ್. "ಮನೇಲಿ ಇರೋದು ನಾನು. ಅವಳ ರೋಗ ನಾನೇ ಅಂತ ತಾನೇ ನೀವು ಇಷ್ಟೊತ್ತು ಹೇಳಿದ್ದು?"

ಜನೀನ್ ಕಿಟಕಿಯ ಕಡೆಗೆ ನೋಡಿದಳು, ಮಗಳ ಕಡೆಗೆ ನೋಡಲಿಲ್ಲ.

"ಹಾಗಾದ್ರೆ ಕೇಳಿ. ನನ್ನ ತಂಗಿ ಡೆನಿಸ್ ಸ್ಪೇನಿಂದ ಬರ್ತಿದ್ದಾಳೆ. ಆಗಸ್ಟಿಂದ ನಮ್ಮನೇಲೇ ಇರ್ತಾಳೆ. ಇನ್ಮೇಲೆ ನನ್ನ ಎತ್ತೋದು, ತೊಳೆಯೋದು ಎಲ್ಲಾ ಅವಳದ್ದೇ. ಹುಡುಗಿ ಹೊತ್ತಿಗೆ ಸರಿಯಾಗಿ ಬರ್ತಾಳೆ."

ಮಿಸ್ಟರ್ ಥ್ರೆಲ್‌ಫಾಲ್‌ನ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಲೆಕ್ಕಾಚಾರ, ಕೊನೆಗೆ ನಿರಾಳ ಮೂಡಿದವು. ಮೇಜಿನ ಕೊನೆಯಲ್ಲಿ ಕೂತಿದ್ದ ಮಿಸೆಸ್ ಗ್ಯಾಸ್ಕಾರ್ತ್‌ಗೆ ಡೆನಿಸ್‌ಳ ವಿಷಯ ಗೊತ್ತಿತ್ತು. ಬೆಣ್ಣೆ ಸವರಿದ ಬ್ರೆಡ್ಡಿನ ಮುಂದೆ ಅದನ್ನು ಕೇಳಿ ಮರುಗಿದ್ದವಳು ಆಕೆಯೇ.

"ಹೌದಾ ಪುಟ್ಟಾ?" ಎಂದು ಆಕೆ ಮಾರ್ನಿಯನ್ನು ಕೇಳಿದಳು.

ಮಾರ್ನಿಯ ಮುಂದೆ ಸತ್ಯವೂ ಇತ್ತು, ಎರಡನೆಯ ವರ್ಷವೂ ಇತ್ತು. ಎರಡನ್ನೂ ಕೊಡುವ ವ್ಯವಸ್ಥೆ ಆ ಕಟ್ಟಡದಲ್ಲಿ ಇರಲಿಲ್ಲ.

"ಹೌದು ಮಿಸ್. ಚಿಕ್ಕಮ್ಮ ಬರ್ತಿದ್ದಾರೆ."

ಮಿಸೆಸ್ ಗ್ಯಾಸ್ಕಾರ್ತ್ ಅವಳನ್ನೇ ನೋಡಿ ಕಣ್ಣು ತಗ್ಗಿಸಿದಳು. ಹಸಿರು ಕಾರ್ಡನ್ನು ಹಿಂದಕ್ಕೆ ಪಡೆದರು. ಮನೆಯಲ್ಲಿ ಆಸರೆಯಿರುವ ಹುಡುಗಿಗೆ ಅದರ ಅಗತ್ಯವಿರಲಿಲ್ಲ.

ಟ್ಯಾಕ್ಸಿಯಲ್ಲಿ ಇಬ್ಬರೂ ನಗಲು ಯತ್ನಿಸಿದರು. ಡೆನಿಸ್‌ಗೆ ಯಾವ ಕೋಣೆ ಕೊಡೋಣವೆಂದು ತಾಯಿ ಕೇಳಿದಳು. ಸ್ನಾನದ ತೊಟ್ಟಿಯಲ್ಲಿ ಮಲಗಲೆಂದು ಮಗಳು ಹೇಳಿದಳು.

ಸೆಪ್ಟೆಂಬರಿನಲ್ಲಿ ತಾಯಿ ಹೊಸ ಕಟ್ಟಳೆಯನ್ನು ಹಾಕಿದಳು. ಬೆಳಿಗ್ಗೆ ತನ್ನನ್ನು ಯಾರೂ ಮುಟ್ಟಕೂಡದು. ನಗರಸಭೆಯ ಹೆಂಗಸು ಬರುವವರೆಗೂ ತಾನು ಮಲಗಿಯೇ ಇರುವೆನು. ಮಾರ್ನಿ ವಾದಿಸಿದಳು. "ಹೋಗೇ ಸಾಕು. ದೊಡ್ಡ ಮನೆ ಹೆಂಗಸರೆಲ್ಲಾ ಹನ್ನೊಂದರವರೆಗೂ ಮಲಗ್ತಾರೆ, ನಾನೂ ಸ್ವಲ್ಪ ಮಲಗಿ ನೋಡ್ತೀನಿ," ಎಂದು ತಾಯಿ ಅವಳ ಬಾಯಿ ಮುಚ್ಚಿಸಿದಳು. ಮಾರ್ನಿ ಹೊತ್ತಿಗೆ ಸರಿಯಾಗಿ ಬರತೊಡಗಿದಳು. ರಸಾಯನಶಾಸ್ತ್ರದಲ್ಲಿ ಅವಳ ಅಂಕಗಳು ಏರಿದವು. ಹೊಸ ವಿದ್ಯಾರ್ಥಿಗಳ ತಂದೆತಾಯಿಯರು ಕಾಲೇಜು ನೋಡಲು ಬಂದ ಸಂಜೆ, ನೆರವಿನ ವ್ಯವಸ್ಥೆ ಒಬ್ಬ ಹುಡುಗಿಯನ್ನು ಹೇಗೆ ದಡ ಸೇರಿಸಿತೆಂಬುದನ್ನು ಮಿಸ್ಟರ್ ಥ್ರೆಲ್‌ಫಾಲ್ ಹೆಸರು ಹೇಳದೆ ವರ್ಣಿಸಿದ. ಮಿಸೆಸ್ ಗ್ಯಾಸ್ಕಾರ್ತ್ ಅವನ ಪಕ್ಕದಲ್ಲಿ ನಿಂತಿದ್ದಳು.

ಹಾಸಿಗೆ ಒದ್ದೆಯಾಗುತ್ತಿರಲಿಲ್ಲ. ಮೊದಮೊದಲು ಮಾರ್ನಿ ಅದಕ್ಕೆ ಸಂತೋಷಪಟ್ಟಳು. ಕಾರಣ ಅವಳಿಗೆ ತಿಳಿದದ್ದು ಅಕ್ಟೋಬರಿನಲ್ಲಿ, ತಾಯಿಗೆ ನಡುಕದ ಜ್ವರ ಬಂದು ವೈದ್ಯರು ಮೂತ್ರಕೋಶದ ಸೋಂಕೆಂದು ಹೇಳಿದಾಗ. ಧಾರಾಳವಾಗಿ ನೀರು ಕುಡಿಯುವಂತೆ ಅವರು ಹೇಳಿದಾಗ ಜನೀನ್ ವಿಧೇಯ ಬಾಲಕಿಯಂತೆ ತಲೆಯಾಡಿಸಿದಳು. ಆ ಮಧ್ಯಾಹ್ನ ಹಾಸಿಗೆಯ ಪಕ್ಕದ ಲೋಟವನ್ನು ತುಂಬಿಸಲು ಹೋದ ಮಾರ್ನಿಗೆ ಅದು ಹಿಂದಿನ ದಿನ ತುಂಬಿಸಿದಂತೆಯೇ ಇರುವುದು ಕಂಡಿತು. ತಾಯಿಯ ತುಟಿಗಳು ಒಡೆದಿದ್ದವು. ಬೆಳಿಗ್ಗೆ ಹಾಸಿಗೆ ಒದ್ದೆ ಮಾಡದೆ ಮಲಗಿರಬೇಕೆಂದು ಆಕೆ ಹಿಂದಿನ ಮಧ್ಯಾಹ್ನದಿಂದಲೇ ನೀರನ್ನು ತ್ಯಜಿಸುತ್ತಿದ್ದಳು. ವ್ರತಗಳಲ್ಲಿ ದೇವರಿಗಾಗಿ ಮಾಡುವ ಉಪವಾಸವನ್ನು ಆ ಹೆಂಗಸು ಒಂದು ಹಾಜರಿ ಪಟ್ಟಿಗಾಗಿ ಮಾಡುತ್ತಿದ್ದಳು.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಮಾರ್ನಿ ನೆರವಿನ ಕೋಣೆಯ ಮುಂದೆ ಹೋಗಿ ನಿಂತಳು. ಬಾಗಿಲಿನ ಗಾಜಿನಿಂದ ಅವಳನ್ನು ಕಂಡ ಮಿಸೆಸ್ ಗ್ಯಾಸ್ಕಾರ್ತ್ ಹೊರಗೆ ಬಂದಳು, ಬಾಗಿಲನ್ನು ತನ್ನ ಬೆನ್ನ ಹಿಂದೆ ಎಳೆದುಕೊಂಡಳು.

"ಮಿಸ್, ಅಮ್ಮ..."

"ಹೇಳ್ಬೇಡ ಪುಟ್ಟಾ." ಆಕೆಯ ದನಿ ತೀರ ಕೆಳಗಿತ್ತು. "ನೀನು ಹೇಳಿದ್ರೆ ನಾನು ಬರೀಲೇಬೇಕು. ನಾನು ಬರೆದ್ರೆ ಅದು ಮಿಸ್ಟರ್ ಥ್ರೆಲ್‌ಫಾಲ್ ಮೇಜಿಗೆ ಹೋಗುತ್ತೆ. ಜೂನಲ್ಲಿ ಹೇಳಿದ್ದು ಸುಳ್ಳು ಅಂತ ಆಗುತ್ತೆ, ನಿನ್ನನ್ನ ಉಳಿಸ್ಕೊಳ್ಳಲ್ಲ. ಮೇ ತಿಂಗಳಲ್ಲಿ ನಿನ್ನ ಪರೀಕ್ಷೆ."

"ಹಾಗಾದ್ರೆ ಯಾರಿಗೆ ಹೇಳ್ಲಿ ಮಿಸ್?"

ಕೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಆ ಹೆಂಗಸು ಬೇರೆ ಬಾಗಿಲನ್ನು ತೋರಿಸಿದಳು. ನಗರಸಭೆಗೆ ಫೋನು ಮಾಡಿ ಬೇಗ ಬರುವ ಆರೈಕೆಯವಳನ್ನು ಕಳುಹಿಸುವಂತೆ ಕೇಳೆಂದಳು. ಕೇಳಿಯಾಗಿದೆ, ಹೊಸ ವರ್ಷದ ನಂತರ ನೋಡೋಣವೆಂದಿದ್ದಾರೆ ಎಂದು ಮಾರ್ನಿ ಹೇಳಿದಳು. ಆಕೆ ಮಾರ್ನಿಯ ಭುಜದ ಮೇಲೆ ಕೈಯಿಟ್ಟಳು. ಕಣ್ಣುಗಳು ತುಂಬಿಬಂದವು, ಆ ಕಣ್ಣೀರೂ ಸುಳ್ಳಾಗಿರಲಿಲ್ಲ. ಪ್ರತಿ ಭಾನುವಾರವೂ ಅವರಿಬ್ಬರಿಗಾಗಿ ಪ್ರಾರ್ಥಿಸುತ್ತಿರುವುದಾಗಿ ಹೇಳಿದಳು. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು.

ಅಂದು ಗುರುವಾರ. ಸಂಜೆ ಮಾರ್ನಿ ಲೋಟವನ್ನು ತಾಯಿಯ ತುಟಿಗೆ ಹಿಡಿದಳು. ತಾಯಿ ಬಾಯಿ ತೆರೆಯಲಿಲ್ಲ. ಕಾಲೇಜು ಬಿಡುತ್ತೇನೆ, ನಾಳೆಯೇ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಮಾರ್ನಿ ಬೆದರಿಸಿದಳು. ಜನೀನ್ ಆಗ ಮೊದಲ ಬಾರಿಗೆ ಮಗಳ ಮೇಲೆ ಕೈಯೆತ್ತಿದಳು. ಆ ಕೈಗೆ ಅವಳ ಕೆನ್ನೆಯವರೆಗೆ ತಲುಪುವ ಬಲವಿರಲಿಲ್ಲ. ಅದು ದಾರಿಯಲ್ಲಿಯೇ ಹೊದಿಕೆಯ ಮೇಲೆ ಬಿತ್ತು.

"ಒಂದೇ ಗುಟುಕು ಅಮ್ಮಾ," ಎಂದಳು ಮಾರ್ನಿ.

"ಶನಿವಾರ ಬೆಳಿಗ್ಗೆ ನಿಂಗೆ ಕಾಲೇಜಿಲ್ಲ ತಾನೇ," ಎಂದಳು ತಾಯಿ, ಒಣಗಿದ ನಾಲಗೆಯಿಂದ ಮಾತುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ. "ನಾಳೆ ಸಂಜೆ ಕುಡೀತೀನಿ. ಎಷ್ಟು ಕೊಟ್ರೂ ಕುಡೀತೀನಿ. ಈಗ ಹೋಗಿ ಓದ್ಕೋ."