ಕೊಸರಿಗೆ ಕೇಳಿದ ಗೊನೆ

ಇಸಿಂಗಿರೋ ಸೀಮೆಯ ಒಂದು ಗುಡ್ಡದ ಊರಿನಲ್ಲಿ ಬಾಳೆ ಬೆಳೆಯದ ಮನೆಯಿಲ್ಲ. ಆದರೆ ಬಾಳೆಯ ಬೆಲೆ ಹೇಳುವವನು ಆ ಊರಿನವನಲ್ಲ. ಮಂಗಳವಾರ ಬೆಳಿಗ್ಗೆ ವ್ಯಾಪಾರಿ ರುಗುಂಬಾನ ಲಾರಿ ಬರುತ್ತದೆ. ಅವನು ಗೊನೆಯನ್ನು ಮೊಣಕಾಲಿನ ತನಕ ಎತ್ತಿ, ಕೆಳಗಿಟ್ಟು, "ಹಗುರ" ಅನ್ನುತ್ತಾನೆ. ಗೊನೆ ಸಣ್ಣದಿದ್ದರೆ ಎರಡನ್ನು ಒಂದೆಂದು ಎಣಿಸುತ್ತಾನೆ. ಹೊರಡುವಾಗ ಕೊಸರೆಂದು ಇನ್ನೊಂದು ಗೊನೆ ಕೇಳುತ್ತಾನೆ. ಇಷ್ಟಾದ ಮೇಲೂ ಊರಿನವರು ಅವನಿಗೆ ದೇವರು ಒಳ್ಳೆಯದು ಮಾಡಲಿ ಎಂದು ಹರಸಿ ಕಳಿಸುತ್ತಿದ್ದರು.

ಮುದುಕ ಕಟುರೇಬೆ ಮಾತ್ರ ಆ ವರ್ಷ ಬೇರೆಯದೇ ನಿರ್ಧಾರ ಮಾಡಿದ್ದ. ತೋಟವನ್ನೆಲ್ಲ ಕಡಿದು ನೀಲಗಿರಿ ನೆಡುವುದು. ತೋಟ ಅವನ ಹೆಂಡತಿ ಕೇಜಿಯಾಳ ಕೈಯದು. ಹೆಚ್ಚಾದ ಕಂದು ಕಿತ್ತವಳು, ಬುಡಕ್ಕೆ ಸೊಪ್ಪು ಹೊದಿಸಿದವಳು, ಗಾಳಿಗೆ ಬೀಳದಂತೆ ಊರೆಗೋಲು ಕೊಟ್ಟವಳು ಅವಳೇ. ಈಸ್ಟರ್ ಕಳೆದ ಮೇಲೆ ಅವಳು ತೀರಿಕೊಂಡಳು. ಅವಳನ್ನು ಆ ತೋಟದಲ್ಲೇ ಮಣ್ಣು ಮಾಡಿದರು. ಅಂದಿನಿಂದ ಸಂಜೆಯ ಪ್ರಾರ್ಥನೆಯಲ್ಲಿ ಅವನು ದೇವರನ್ನು ಕೇಳುತ್ತಿದ್ದುದು ಒಂದೇ: ಅಷ್ಟು ದುಡಿದವಳಿಗೆ ನೀನು ಏನು ಕೊಟ್ಟೆ?

ಪಕ್ಕದ ಮನೆಯ ನಿನ್ಸಿಮಾ ಬಾಳೆ ಬೆಳೆಯುವ ಹೆಂಗಸರ ಸಂಘ ಕಟ್ಟಿದವಳು. ಸುದ್ದಿ ಕೇಳಿ ಓಡಿ ಬಂದಳು.

"ದೊಡ್ಡಪ್ಪ, ತಪ್ಪು ಬಾಳೇದಲ್ಲ. ನಾವು ಮಾರೋ ರೀತೀದು. ಸಂಘಕ್ಕೆ ಸೇರಿ. ಎಲ್ಲಾ ಒಂದೇ ದಿನ ಕಡಿದು, ಒಂದೇ ಕಡೆ ರಾಶಿ ಹಾಕಿ, ತೂಗಿ ಕೊಡೋಣ."

"ಬಾಳೆಗೊನೆ ಯಾರಾದ್ರೂ ತೂಗ್ತಾರೇನೇ? ನಮ್ಮಪ್ಪನ ಕಾಲದಿಂದ ಕಣ್ಣಂದಾಜೇ."

"ಕಾಫಿ ತೂಗದೆ ಕೊಡ್ತೀರಾ?"

"ಕಾಫಿ ಬೇರೆ."

"ಏನು ಬೇರೆ? ಅದಕ್ಕೊಂದು ಬೆವರು, ಇದಕ್ಕೊಂದು ಬೆವರಾ?"

"ರುಗುಂಬಾ ಮುನಿಸ್ಕೊಂಡು ಲಾರಿ ತರದೇ ಹೋದ್ರೆ? ಊರಿನ ಗೊನೆಯೆಲ್ಲ ನೀನು ತಿಂತೀಯಾ?"

"ನನ್ನ ಗಂಡನ ಹೊಟ್ಟೆ ನೋಡಿದ್ದೀರಲ್ಲ. ಎರಡು ವಾರಕ್ಕೆ ಭಯವಿಲ್ಲ."

ಮುದುಕ ನಗಲಿಲ್ಲ. "ಈ ಮಂಗಳವಾರ ಇರೋದನ್ನ ಮಾರ್ತೀನಿ. ಆಮೇಲೆ ಕೊಡಲಿ ಹಾಕಿಸ್ತೀನಿ" ಅಂದ.

ಮಂಗಳವಾರ ಬಂತು. ರಸ್ತೆಯ ಬದಿಯಲ್ಲಿ ಕಟುರೇಬೆಯ ಗೊನೆಗಳೂ ಸಂಘದ ಹೆಂಗಸರ ಗೊನೆಗಳೂ ಕೂತಿದ್ದವು. ರುಗುಂಬಾ ಮುದುಕನ ಒಂದು ಗೊನೆ ಎತ್ತಿದ, ಇಟ್ಟ.

"ಹಗುರ ಯಜಮಾನ್ರೇ. ಎಂಟು ಸಾವಿರ ಶಿಲ್ಲಿಂಗ್. ಪಟ್ಟಣದಲ್ಲಿ ಬಾಳೆ ಕೇಳೋರಿಲ್ಲ."

ಮುದುಕ ತಲೆಯಾಡಿಸಿದ. ರುಗುಂಬಾನ ಕಣ್ಣು ಆಗಲೇ ತೋಟದೊಳಗೆ ಹೋಗಿತ್ತು. ಸಮಾಧಿಯ ಪಕ್ಕದ ಗಿಡದಲ್ಲಿ ದೊಡ್ಡ ಗೊನೆಯೊಂದು ತೂಗುತ್ತಿತ್ತು.

"ಕೊಸರಿಗೆ ಅದನ್ನ ಕೊಟ್ಟುಬಿಡಿ."

"ಅದು ಬೇಡಪ್ಪ. ಅಲ್ಲಿ ನನ್ನ ಹೆಂಡತಿ ಮಲಗಿದ್ದಾಳೆ."

"ಅಮ್ಮ ಬದುಕಿದ್ದಾಗ ಕೊಸರಿಗೆ ಇಲ್ಲ ಅಂದೋರೇ ಅಲ್ಲ. ಈಗ ನೀವು ಅವರ ಹೆಸರು ಕೆಡಿಸ್ತೀರಾ?"

ಅವನು ಕೈ ಬೀಸಿದ. ಮುದುಕ ಅಲ್ಲಿಗೆ ಹೋಗುವಷ್ಟರಲ್ಲಿ, ಕತ್ತಿ ಹಿಡಿದಿದ್ದ ಲಾರಿಯ ಹಮಾಲಿ ಗೊನೆ ಕಡಿದುಬಿಟ್ಟಿದ್ದ. ಅದನ್ನು ಹೊತ್ತು ತಂದು ಲಾರಿಯ ಮುಂದಿನ ಸೀಟಿನ ಮೇಲಿಟ್ಟ. ಕಟುರೇಬೆ ಅವನ ಹಿಂದೆಯೇ ಬಂದ. ಗೊನೆಯನ್ನು ಇಳಿಸಿಕೊಳ್ಳಲೆಂದು ಬಾಗಿಲು ತೆಗೆದ. ಸೀಟಿನ ಹಿಂದೆ, ಗೋಣಿಚೀಲದ ಕೆಳಗಿನಿಂದ, ಕಬ್ಬಿಣದ ಕೊಕ್ಕೆಯೊಂದು ಇಣುಕಿತು. ಎಳೆದ. ತೂಗುಹಾಕುವ ತಕ್ಕಡಿ.

"ಇದೇನಪ್ಪ?"

"ಅದು ಪಟ್ಟಣಕ್ಕೆ ಯಜಮಾನ್ರೇ. ಅಲ್ಲಿ ಹೋಟೆಲಿನೋರು ತೂಗದೆ ತಗೊಳ್ಳಲ್ಲ."

"ಅವರಿಗೆ ತಕ್ಕಡಿ. ನಮಗೆ ನಿನ್ನ ಕಣ್ಣು." ಮುದುಕನ ದನಿ ಮೆಲ್ಲಗೇ ಇತ್ತು. "ಇಷ್ಟು ವರ್ಷ ಇದು ಇಲ್ಲೇ ಇತ್ತು. ನಮ್ಮ ಬಾಗಿಲಿಗೇ ಬಂದು ಹೋಗ್ತಿತ್ತು."

ನಿನ್ಸಿಮಾ ತಕ್ಕಡಿ ಇಸಿದುಕೊಂಡು ಮಾವಿನ ಕೊಂಬೆಗೆ ನೇತುಹಾಕಿದಳು. "ಹಗುರ" ಅನ್ನಿಸಿಕೊಂಡ ಗೊನೆ ಇಪ್ಪತ್ತನಾಲ್ಕು ಕಿಲೋ ತೂಗಿತು. ಸಮಾಧಿಯ ಪಕ್ಕದ ಗೊನೆಗೆ ಮುಳ್ಳು ಮೂವತ್ತನ್ನು ದಾಟಿತು.

"ಪಟ್ಟಣದಲ್ಲಿ ಕಿಲೋಗೆ ಎಷ್ಟು ಕೊಡ್ತಾರೆ?" ಎಂದು ಅವಳು ಹಮಾಲಿಯನ್ನೇ ಕೇಳಿದಳು.

"ಸಾವಿರ" ಅಂದ ಅವನು, ಧಣಿಯ ಮುಖ ನೋಡದೆ.

"ಡೀಸೆಲ್ ನಿಮ್ಮಪ್ಪ ಹಾಕಿಸ್ತಾನಾ?" ರುಗುಂಬಾ ಸಿಡುಕಿದ. "ಮಾರುಕಟ್ಟೆ ಸುಂಕ ಯಾರು ಕಟ್ತಾರೆ? ದಾರೀಲಿ ಜಜ್ಜಿಹೋದದ್ದು ಯಾರ ಲೆಕ್ಕ?"

"ನಿಮ್ಮ ಲೆಕ್ಕ, ಒಪ್ಪಿದೆ. ಅದಕ್ಕೇ ಅರ್ಧ ನೀವೇ ಇಟ್ಕೊಳ್ಳಿ. ಉಳಿದರ್ಧ ನಮಗೆ ಬರ್ಲಿ. ಇಪ್ಪತ್ತನಾಲ್ಕು ಕಿಲೋದ ಆ ಗೊನೆಗೆ ಹನ್ನೆರಡು ಸಾವಿರ ಆಗುತ್ತೆ. ನೀವು ಹೇಳಿದ್ದು ಎಂಟು. ಕೊಸರು ಬೇರೆ ಕೇಳಿದ್ರಿ."

"ಹಾಗಾದ್ರೆ ಇಲ್ಲೇ ಕೊಳೀಲಿ."

ರುಗುಂಬಾ ತಕ್ಕಡಿ ಕಿತ್ತುಕೊಂಡು ಹತ್ತಿದ. ಲಾರಿ ಖಾಲಿ ಹೋಯಿತು. ಒಬ್ಬ ಹೆಂಗಸು ಅತ್ತೇಬಿಟ್ಟಳು. ಕಟುರೇಬೆ ಎಲ್ಲರಿಗಿಂತ ಮೊದಲು ಹೋಗಿ ತನ್ನ ಗೊನೆಗಳನ್ನು ಸಂಘದ ರಾಶಿಗೆ ಸೇರಿಸಿದ. "ಕೊಳೆತರೆ ಎಲ್ಲರದೂ ಒಟ್ಟಿಗೇ ಕೊಳೀಲಿ" ಅಂದ.

ಕೊಳೆಯಲಿಲ್ಲ. ನಿನ್ಸಿಮಾ ಪೇಟೆಯ ಇನ್ನೊಬ್ಬ ವ್ಯಾಪಾರಿಗೆ ಫೋನ್ ಮಾಡಿದಳು. ಹತ್ತು ಊರು ಸುತ್ತದೆ ಒಂದೇ ಕಡೆ ಲಾರಿ ತುಂಬುವುದಾದರೆ ತನಗೂ ಡೀಸೆಲ್ ಉಳಿಯುತ್ತದೆ ಎಂದು ಅವನು ಮರುದಿನವೇ ಬಂದ. ಕಿಲೋ ಲೆಕ್ಕದಲ್ಲಿ ಕೊಂಡ. ಮುಂದಿನ ತಿಂಗಳು ರುಗುಂಬಾನೂ ಬಂದ. ತಕ್ಕಡಿಯನ್ನು ಸೀಟಿನ ಹಿಂದೆ ಇಟ್ಟಿರಲಿಲ್ಲ, ಕೈಯಲ್ಲೇ ಹಿಡಿದಿದ್ದ.

ಸಮಾಧಿಯ ಪಕ್ಕದ ಗೊನೆಯನ್ನು ಕಟುರೇಬೆ ಮಾರಲಿಲ್ಲ. ಭಾನುವಾರ ಕೇಜಿಯಾಳ ಹೆಸರಿನಲ್ಲಿ ಪ್ರಾರ್ಥನೆ ಮಾಡಿಸಿ, ಅದರ ಕಾಯಿಗಳನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿ, ಕಡಲೆಕಾಯಿ ಸಾರಿನೊಂದಿಗೆ ಊರಿಗೆಲ್ಲ ಬಡಿಸಿದ.

"ಅವಳು ಕೊಸರು ಅಂತ ಕೊಡ್ತಿದ್ದದ್ದು ಪ್ರೀತಿಗೆ" ಎಂದ, ಬಡಿಸುತ್ತ. "ತಗೊಂಡೋರು ಮಾತ್ರ, ಇಲ್ಲ ಅನ್ನೋಕೆ ಬರದೋಳು ಅಂತ ತಿಳಿದೇ ದೋಚಿದ್ರು. ಅದನ್ನ ನಾನೂ ವ್ಯಾಪಾರ ಅಂದ್ಕೊಂಡಿದ್ದೆ."

ತೋಟಕ್ಕೆ ಕೊಡಲಿ ಬೀಳಲಿಲ್ಲ. ಕಡಿದ ಆ ಗಿಡದ ಬುಡದಲ್ಲಿ ಬಲವಾದ ಒಂದು ಕಂದನ್ನು ಉಳಿಸಿ, ಮಿಕ್ಕವನ್ನು ಅವನೇ ಕಿತ್ತ, ಅವಳು ಮಾಡುತ್ತಿದ್ದಂತೆಯೇ.

ಇದನ್ನು ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ತೂಗದೆ ಒಂದು ಗೊನೆಯನ್ನೂ ಕೊಡಬೇಡಿ. ಒಬ್ಬೊಬ್ಬರೇ ಲಾರಿಯ ಮುಂದೆ ನಿಲ್ಲಬೇಡಿ. ನಾಲ್ಕಾರು ಮನೆಯವರು ಕೂಡಿ ಒಂದು ತಕ್ಕಡಿ ಕೊಳ್ಳಿ. ಕಡಿಯುವ ಮೊದಲೇ ಪೇಟೆಯ ಬೆಲೆ ವಿಚಾರಿಸಿ, ಒಂದೇ ದಿನ, ಒಂದೇ ಕಡೆ ಮಾರಿ. ಕೊಸರು ಕೊಡುವ ಮನಸ್ಸಿದ್ದರೆ ನೆರೆಮನೆಗೆ ಕೊಡಿ, ದೇವರು ಮೆಚ್ಚುತ್ತಾನೆ. ನಿಮ್ಮ ಮನೆಯಲ್ಲೂ ಒಬ್ಬ ಕೇಜಿಯಾ ಈ ಹೊತ್ತು ತೋಟದಲ್ಲಿ ಬೆನ್ನು ಬಗ್ಗಿಸಿರುತ್ತಾಳೆ. ಅವಳ ಗೊನೆಯನ್ನು ಅವಳು ಬದುಕಿರುವಾಗಲೇ ತೂಗಿಸಿ.