ಚನ್ನವೀರನ ಆನೆ

ಚನ್ನವೀರನ ಬಾಯಿಂದ 'ಮುಗೀತು' ಎಂಬ ಮಾತು ಹೊರಟದ್ದನ್ನು ನಾನು ಕೇಳಿದ್ದು ತೀರ ಅಪರೂಪ. ಊಟಕ್ಕೆ ಕೂತಾಗ ಹೋಗಲಿ, ಗಡ್ಡ ಹೆರೆದುಕೊಳ್ಳುವಾಗ ಬಾಗಿಲು ತಟ್ಟಲಿ, ಅವನ ಉತ್ತರ ಒಂದೇ: "ಒಂದೀಟ ಬಾಕಿ ಅದ್ರಿ, ಸರ." ಹಾಗೆನ್ನುವಾಗ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಳ್ಳುಕಾಳಿನಷ್ಟು ಸಂದು ಬಿಟ್ಟು ತೋರಿಸುವನು. ಪುಣೆಯ ವೈಶಾಖದ ಉರಿಯಲ್ಲಿಯೂ ಅವನ ಮೈಮೇಲೊಂದು ಕಂದು ಕೋಟು; ಅದರ ಜೇಬುಗಳಲ್ಲಿ ಸ್ಕ್ರೂಗಳು, ತುಂಡು ವೈರುಗಳು, ಇವುಗಳ ನಡುವೆಯೇ ನಾಲ್ಕಾರು ಮೊಂಡು ಪೆನ್ಸಿಲ್ಲುಗಳು. ಅವಸರದ ಸಣ್ಣ ಹೆಜ್ಜೆಗಳಲ್ಲಿ ಅವನು ಮೆಟ್ಟಿಲೇರುವಾಗ ಜೇಬು ಮೊದಲು ಸದ್ದುಮಾಡುತ್ತಿತ್ತು, ಆಮೇಲೆ ಮನುಷ್ಯ ಕಾಣುತ್ತಿದ್ದ.

ಜಮಖಂಡಿಯ ಕಡೆಯ ಈ ಚನ್ನವೀರ ಸ್ವಾರಗೇಟದ ಬಸ್ ನಿಲ್ದಾಣದ ಹಿಂದಿನ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಬಿಬವೇವಾಡಿಯ ಒಂದೇ ಕಟ್ಟಡದಲ್ಲಿ ಕೆಳಗಿನ ಮನೆ ನನ್ನದು, ಮೇಲಿನದು ಅವನದು. ಅಲ್ಲಿ ಅವನೊಡನೆ ಹೆಂಡತಿ ಅನುಸೂಯಾ, ತಾಯಿ ತಿಪ್ಪವ್ವ, ಮಗಳು ರೇಣು. ಚಿತ್ರ ಬರೆಯುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಆದರೂ ಲಾರಿ ಕಾಯುವ ಬಿಡುವಿನಲ್ಲಿ ಪಾರ್ಸೆಲ್ ಪೆಟ್ಟಿಗೆಗಳ ಮೇಲೆ ಸೀಮೆಸುಣ್ಣದಿಂದ ಎಳೆದ ಎತ್ತುಗಳು ಇನ್ನೇನು ತಲೆಯೆತ್ತಿ ನೋಡುತ್ತವೆ ಎನ್ನಿಸುವಂತಿರುತ್ತಿದ್ದವು.

ರೇಣುವಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ವೈದ್ಯರು ಅದನ್ನು ಖಚಿತವಾಗಿ ಹೇಳಿದ ದಿನ ಅನುಸೂಯಾ ಅಡಿಗೆಮನೆ ಸೇರಿ ಅತ್ತಳು. ತಿಪ್ಪವ್ವ ಮಾತ್ರ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಎಂದಿನಂತೆ ಕಥೆ ಶುರುಮಾಡಿದಳು.

"ಅವ್ವಾ, ಆಕಿಗೆ ಕೇಳಸೂದಿಲ್ಲ," ಎಂದ ಚನ್ನವೀರ.

"ಕೇಳದಿದ್ರ ನೋಡ್ತಾಳ, ತಗೋ," ಎಂದಳು ಮುದುಕಿ.

ಅವಳ ಕಥೆಗಳಲ್ಲಿ ಎಲ್ಲಕ್ಕಿಂತ ಸೊಗಸಾದದ್ದು ಗುಬ್ಬಿಯ ಮದುವೆಗೆ ಬಂದ ಆನೆಯದು. ಹಂದರದ ಬಾಗಿಲಲ್ಲಿ ಆನೆ ಹಿಡಿಸುವುದಿಲ್ಲ. ನಾಚಿ ಹೊರಗೇ ನಿಲ್ಲುತ್ತದೆ. ಮಧ್ಯಾಹ್ನ ಬಿಸಿಲೇರಿ ಹಂದರ ಕಾದಾಗ ಗುಬ್ಬಿಯ ಬೀಗರೆಲ್ಲ ಎದ್ದು ಬಂದು ಆನೆಯ ನೆರಳಲ್ಲಿ ಪಂಕ್ತಿ ಹಾಕಿ ಉಣ್ಣುತ್ತಾರೆ.

ಒಂದು ಸಂಜೆ ನಮ್ಮ ಮನೆಯ ಟಿ.ವಿ.ಯಲ್ಲಿ ಕಾರ್ಟೂನು ನೋಡುತ್ತ ರೇಣು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಗಳನ್ನು ಕರೆಯಲು ಬಂದ ಚನ್ನವೀರ ಹೊಸ್ತಿಲಲ್ಲೇ ನಿಂತುಬಿಟ್ಟ. "ಸರ, ಅವ್ವನ ಆನಿ ಕಥಿ ನಾ ಹಿಂಗ ಮಾಡ್ತೀನ್ರಿ. ಆನಿ ನಡೀಬೇಕು, ಗುಬ್ಬಿ ಹಾರಬೇಕು. ನನ್ನ ಮಗಳಿಗೆ ಅದಕ್ಕ ಕಿವಿನ ಬ್ಯಾಡ." ಅವನ ಕಣ್ಣುಗಳಲ್ಲಿ ಅಂದು ಕಂಡ ಬೆಳಕು ಇಂದಿಗೂ ನನ್ನ ನೆನಪಿನಲ್ಲಿದೆ.

ತೊಂಬತ್ತೇಳರಲ್ಲಿ ಟಿಳಕ ರಸ್ತೆಯ ಯಾವುದೋ ಕಚೇರಿ ಮುಚ್ಚಿದಾಗ ಅಲ್ಲಿಯ ಹಳೆಯ ಕಂಪ್ಯೂಟರೊಂದನ್ನು ಅವನು ಕೊಂಡು ತಂದ. ಮಾನಿಟರನ್ನು ತಾಯಿಯ ಕೌದಿಯಲ್ಲಿ ಸುತ್ತಿ, ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಅನುಸೂಯಾ ಅದಕ್ಕೆ ಕುಂಕುಮ ಹಚ್ಚಿ ಆರತಿ ಬೆಳಗಿದಳು. ಆದರೆ ಪತ್ರ ಬೆರಳಚ್ಚು ಮಾಡಿಯೇ ಹಳತಾಗಿದ್ದ ಆ ಯಂತ್ರಕ್ಕೆ ಆನೆಯ ಭಾರ ತಾಳಲಾಗಲಿಲ್ಲ. ಚಿತ್ರವನ್ನು ಒಂದಿಷ್ಟು ದೊಡ್ಡದು ಮಾಡಿದರೆ ತೆರೆ ಸ್ತಬ್ಧವಾಗುತ್ತಿತ್ತು. "ಆನಿ ಒಂದ ಕಾಲ ಎತ್ತೂತನಕಾ ನಾ ಚಾ ಕುಡದ ಬರಬಹುದ್ರಿ," ಎಂದು ಅವನೇ ನಕ್ಕ.

ಅಲ್ಲಿಂದ ಶುರುವಾಯಿತು ಯಂತ್ರವನ್ನು ಬೆಳೆಸುವ ಕೆಲಸ. ಮೊದಲು ಅದರ ನೆನಪಿನ ಶಕ್ತಿ ಹೆಚ್ಚಿಸುವ ರ‍್ಯಾಮ್ ಪಟ್ಟಿ ಬಂತು, ಬಳಿಕ ಹಾರ್ಡ್ ಡಿಸ್ಕು, ಚಿತ್ರಗಳನ್ನು ಒಳಗೆ ತೆಗೆದುಕೊಳ್ಳಲು ಒಂದು ಸ್ಕ್ಯಾನರು. ರವಿವಾರ ಬಂತೆಂದರೆ ಚನ್ನವೀರ ಜೂನಾ ಬಾಜಾರದಲ್ಲಿ ತುಕ್ಕು ಹಿಡಿದ ನಲ್ಲಿಗಳ, ಮುರಿದ ಗಡಿಯಾರಗಳ ರಾಶಿಯ ನಡುವೆ ಕುಕ್ಕರುಗಾಲಲ್ಲಿ ಕೂತು ಕಂಪ್ಯೂಟರಿನ ಒಳಗಿನ ಹಸಿರು ಹಲಗೆಗಳನ್ನು ಬಿಸಿಲಿಗೆ ಹಿಡಿದು ನೋಡುವನು. "ಕಾಕಾ, ನವೀನಚ ಘ್ಯಾ ನಾ ಆತಾ," ಹೊಸದನ್ನೇ ತಗೊಂಡುಬಿಡಿ ಎಂದು ಅಂಗಡಿಯವರು ಮರಾಠಿಯಲ್ಲಿ ಛೇಡಿಸಿದರೆ ಕೇಳಿಯೂ ಕೇಳದವನಂತೆ ಎದ್ದು ಬರುವನು. ಒಂದು ಭಾಗ ಹೊಸದಾದರೆ ಪಕ್ಕದ ಭಾಗ ಅದಕ್ಕೆ ಹೊಂದುತ್ತಿರಲಿಲ್ಲ; ಅದನ್ನು ಬದಲಿಸಿದರೆ ಮತ್ತೊಂದು ತಕರಾರು ತೆಗೆಯುತ್ತಿತ್ತು.

"ಇದ್ದದ್ದರಲ್ಲೇ ಮಾಡಿ ಮುಗಿಸೋ ಮಾರಾಯಾ, ಮಗು ಏನು ಪರೀಕ್ಷೆ ಮಾಡುತ್ತದೆಯೇ?" ಎಂದು ನಾನೊಮ್ಮೆ ಕೇಳಿದೆ.

ಅವನಿಗೆ ನೋವಾದದ್ದು ಮುಖದಲ್ಲೇ ಕಂಡಿತು. "ಆನಿ ನಡದರ ನೆಲಾ ನಡಗಬೇಕ್ರಿ, ಸರ. ಆ ಸಪ್ಪಳ ಆಕಿಗೆ ಕೇಳಸೂದಿಲ್ಲ, ಕಣ್ಣಿಗರೇ ಕಾಣಬೇಕಲ್ಲರಿ?"



ಒಂದು ದೀಪಾವಳಿಯ ಹೊತ್ತಿಗೆ ಆನೆ ನಿಜಕ್ಕೂ ನಡೆಯಿತು. ತೆರೆಯ ಎಡಗಡೆಯಿಂದ ಬಂದು, ಸೊಂಡಿಲು ತೂಗಿ, ಹಂದರದ ಮುಂದೆ ನಿಂತಿತು. ಎರಡನೆಯ ಇಯತ್ತೆಯಲ್ಲಿ ಓದುತ್ತಿದ್ದ ರೇಣು ಚಪ್ಪಾಳೆ ತಟ್ಟಿ ಕುಣಿದಳು. ಮುಂದೆ, ಮುಂದೆ ಎಂದು ಕೈಬೀಸಿ ಕೇಳಿದಳು. ಆದರೆ ಚನ್ನವೀರನ ಕಣ್ಣಿಗೆ ಆನೆಯ ಬೆನ್ನಿನ ಗೆರೆ ಗರಗಸದ ಹಲ್ಲಿನಂತೆ ಕಂಡಿತು. "ಒಂದೀಟ ಬಾಕಿ ಅದ," ಎಂದು ಬೆರಳು ತೋರಿಸಿ ಯಂತ್ರವನ್ನು ಆರಿಸಿದ. ಮುಂದಿನ ವರ್ಷ ಒಳಗಿನ ಮುಖ್ಯ ಹಲಗೆಯನ್ನೂ ಚಿತ್ರ ಬರೆಯುವ ಪ್ರೋಗ್ರಾಮನ್ನೂ ಬದಲಿಸಿದಾಗ ಹಳೆಯ ಚಿತ್ರಗಳು ಹೊಸದರಲ್ಲಿ ತೆರೆಯಲೇ ಇಲ್ಲ. ಅವನು ಸದ್ದಿಲ್ಲದೆ ಮತ್ತೆ ಮೊದಲ ಹೆಜ್ಜೆಯಿಂದ ಬರೆಯತೊಡಗಿದ.

ವರ್ಷಗಳು ಹೀಗೇ ಉರುಳಿದವು. ಕಚೇರಿಯಿಂದ ಬಂದವನು ಕೋಟನ್ನೂ ಕಳಚದೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಕಿವುಡ ಮಕ್ಕಳ ಶಾಲೆಯಲ್ಲಿ ತಾಯಂದಿರಿಗಾಗಿ ನಡೆಯುತ್ತಿದ್ದ ತರಗತಿಗೆ ಹೋಗಿ ಅನುಸೂಯಾ ಕೈಮಾತು ಕಲಿತಳು. ಊಟ, ನಿದ್ದೆ, ಬಾ, ಬೇಡ ಎಂಬ ಕೆಲವು ಸನ್ನೆಗಳಾಚೆಗೆ ಚನ್ನವೀರ ಹೋಗಲಿಲ್ಲ. "ಪಿಚ್ಚರ ಆಗಲಿ, ಆಮ್ಯಾಲೆ ಕಲೀತೀನಿ," ಎನ್ನುತ್ತಿದ್ದ. ಈ ನಡುವೆ ತಿಪ್ಪವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಅವನು ನನ್ನ ಪಕ್ಕದಲ್ಲಿ ಕೂತು, "ಅವ್ವಗ ತೋರಸಬೇಕಿತ್ರಿ," ಎಂದಷ್ಟೇ ಹೇಳಿದ.

ಚಿತ್ರ ಪೂರ್ತಿಯಾದದ್ದು ಎರಡು ಸಾವಿರದ ಏಳರಲ್ಲಿ. ಆ ರವಿವಾರ ಬೆಳಿಗ್ಗೆ ನಮ್ಮೆಲ್ಲರನ್ನೂ ಕೂರಿಸಿ ಅವನು ಕಿಟಕಿಯ ಪರದೆ ಎಳೆದ. ಅದು ನಿಜಕ್ಕೂ ಅಪೂರ್ವವಾಗಿತ್ತು. ಮುಲಾಜಿಗೆ ಹೇಳುವ ಮಾತಲ್ಲ. ಆನೆ ಕಾಲಿಟ್ಟಲ್ಲಿ ಧೂಳು ಮೆಲ್ಲನೆ ಏಳುತ್ತಿತ್ತು, ಹಂದರದ ತೋರಣ ಅದುರುತ್ತಿತ್ತು, ಗುಬ್ಬಿಗಳು ಗಾಬರಿಯಿಂದ ರೆಕ್ಕೆ ಬಿಚ್ಚುತ್ತಿದ್ದವು. ನೆಲ ನಡುಗುವುದನ್ನು ನಾನು ಕಣ್ಣಿಂದ ಕಂಡೆ.

ರೇಣು ಆಗ ತಾಯಿಗಿಂತ ಎತ್ತರ ಬೆಳೆದ ಹುಡುಗಿ. ಕೊನೆಯವರೆಗೂ ಮನಸ್ಸಿಟ್ಟು ನೋಡಿ, ದೊಡ್ಡವರ ಕೆಲಸವನ್ನು ದೊಡ್ಡವರು ಮೆಚ್ಚುವಂತೆ ತಲೆದೂಗಿದಳು. ಆಮೇಲೆ ಅವಳ ಕೈಗಳು ತಾಯಿಯ ಕಡೆ ತಿರುಗಿ ಮಾತಾಡಿದವು.

"ಏನಂತಾಳ?" ಚನ್ನವೀರ ಕೇಳಿದ.

"ಭಾಳ ಛಂದ ಅದ ಅಂತಾಳರಿ," ಎಂದು ಅನುಸೂಯಾ ಸುಮ್ಮನಾಗಲು ನೋಡಿದಳು. ಅವನು ಬಿಡದಿದ್ದಾಗ ಮುಂದುವರಿಸಿದಳು: "ಆದ್ರ ಆಯಿ, ನಿಮ್ಮವ್ವ, ಆನಿ ಮಾಡಿ ತೋರಸೂಮುಂದ ಇದಕ್ಕಿಂತ ಭಾಳ ನಗು ಬರ್ತಿತ್ತಂತ. ಆಯಿ ಗಲ್ಲಾ ಉಬ್ಬಸಿ, ಸೆರಗಿಂದ ಸೊಂಡಿಲಾ ಮಾಡಿ, ಬಾಗಲದಾಗ ಸಿಕ್ಕೊಂಡು ನಿಲ್ತಿದ್ಲಲ್ಲ, ಅದು."

"ಅವ್ವ ಹಂಗ ಮಾಡ್ತಿದ್ಲು? ಯಾವಾಗ?"

ಅನುಸೂಯಾ ಪ್ರಶ್ನೆಯನ್ನು ಕೈಯಿಂದ ಮಗಳಿಗೆ ದಾಟಿಸಿದಳು. ರೇಣು ಉತ್ತರ ಕೊಡುತ್ತ ನಡುವೆ ಒಮ್ಮೆ ನಮಗೆ ಬೆನ್ನು ತಿರುಗಿಸಿ, ಹೆಗಲು ಕುಗ್ಗಿಸಿ, ಗಾಳಿಯಲ್ಲಿ ಮೌಸ್ ಆಡಿಸಿದಳು.

"ಅದೇನು?" ಎಂದ ಚನ್ನವೀರ.

ಅನುಸೂಯಾ ಕಂಪ್ಯೂಟರಿನ ಮೇಜಿನ ಕಡೆ ಬೆರಳು ತೋರಿಸಿದಳು. "ಅದು ನೀವರಿ. ನೀವು ಅಲ್ಲಿ ಕುಂತಾಗೆಲ್ಲಾ ಆಯಿ ಆನಿ ಮಾಡ್ತಿದ್ಲಂತ. ಸಣ್ಣಾಕಿ ಇದ್ದಾಗಿಂದ 'ಅಪ್ಪ' ಅನ್ನಾಕ ಆಕಿ ಮಾಡೂ ಸನ್ನಿನ ಅದು. ಸಾಲ್ಯಾಗೂ ಎಲ್ಲಾರಿಗೂ ಗೊತ್ತದ."

ಪ್ಲಗ್ಗು ಇದ್ದ ಗೋಡೆಗೆ ಹತ್ತಿಸಿ ಹಾಕಿದ್ದ ಮೇಜು ಅದು. ಅಲ್ಲಿ ಕೂತವನ ಬೆನ್ನು ಸದಾ ಕೋಣೆಯ ಕಡೆಗೆ. ರೇಣು ಯಾವ ಕೊಂಕೂ ಇಲ್ಲದೆ, ಹೆಸರನ್ನು ಹೆಸರಾಗಿ ಆಡಿದವಳು, ತಂದೆಯ ಮುಖ ಯಾಕೆ ಹಾಗಾಯಿತೆಂದು ತಿಳಿಯದೆ ಒಬ್ಬೊಬ್ಬರನ್ನೇ ನೋಡಿದಳು. ಚನ್ನವೀರ ಅವಳ ತಲೆ ಸವರಿ, ಪರದೆ ಸರಿಸಿ, ಕಿಟಕಿಯ ಬಳಿ ಹೋಗಿ ನಿಂತ.

ಮರುದಿನದಿಂದ ಅವನು ಹೆಂಡತಿಯ ಮುಂದೆ ಕೂತು ಕೈಮಾತು ಕಲಿಯತೊಡಗಿದ. ಚಿತ್ರದಲ್ಲಿ ಅಷ್ಟು ಪಳಗಿದ್ದ ಬೆರಳುಗಳು ಮಾತಿನಲ್ಲಿ ತೊದಲುತ್ತಿದ್ದವು. ಆ ಜೂನಿನಲ್ಲಿಯೇ ರೇಣು ಬಟ್ಟೆಯ ವಿನ್ಯಾಸ ಕಲಿಯಲು ಮುಂಬಯಿಯ ವಸತಿಶಾಲೆಗೆ ಹೊರಟಳು. ಸ್ಟೇಷನ್ನಿನಲ್ಲಿ, ರೈಲಿನ ಕಿಟಕಿಯ ಹೊರಗೆ ನಿಂತು ಚನ್ನವೀರ ಏನೋ ಹೇಳಲು ಕೈಯೆತ್ತಿದ, ತಪ್ಪಿತು. ಮಗಳು ನಕ್ಕು, ಸರಳುಗಳ ನಡುವಿನಿಂದ ಕೈ ಚಾಚಿ, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಚಿ ಸರಿಮಾಡಿದಳು. ಅವನು ಮತ್ತೊಮ್ಮೆ ಹೇಳುವಷ್ಟರಲ್ಲಿ ರೈಲು ಕದಲಿತ್ತು.

ಇಂಥವರನ್ನು ಜನ ಹುಚ್ಚರೆಂದೋ ಕೆಲಸ ಮುಂದೂಡುವ ಸೋಮಾರಿಗಳೆಂದೋ ಸುಲಭವಾಗಿ ಕರೆದುಬಿಡುತ್ತಾರೆ. ಅವರು ಎರಡೂ ಅಲ್ಲ. ಪ್ರೀತಿಪಾತ್ರರ ಕೈಗೆ ಅರೆಬರೆಯಾದದ್ದನ್ನು ಇಡಲು ನಾಚುವ ಜನ ಅವರು. ತಮ್ಮಲ್ಲಿರುವುದು ಇನ್ನೂ ಸಾಲದೆಂದು, ಉಪಕರಣಗಳನ್ನು ಹದಗೊಳಿಸುವುದರಲ್ಲೇ ಆಯುಷ್ಯದ ಒಳ್ಳೆಯ ಭಾಗವನ್ನು ಕಳೆಯುತ್ತಾರೆ. ಅಷ್ಟರಲ್ಲಿ ಮುದುಕರು ತೀರಿಕೊಂಡಿರುತ್ತಾರೆ, ಮಕ್ಕಳು ಎತ್ತರವಾಗಿರುತ್ತಾರೆ. ಕಟ್ಟಕಡೆಗೆ ಅವರ ಕೈಯಿಂದ ಹೊರಡುವ ಕೃತಿ ಬಹುತೇಕ ಚೆನ್ನಾಗಿಯೇ ಇರುತ್ತದೆ; ಅದನ್ನು ಹಂಬಲಿಸಿ ಬೇಡಿದ ವಯಸ್ಸು ಮಾತ್ರ ಆಗ ಮನೆಯಲ್ಲಿರುವುದಿಲ್ಲ.